ಹಿಂದಿನ ಶಿಲ್ಕು: ಇಂಗ್ಲಿಷ್ ಕಾಗದದಲ್ಲಿ ಹಳೆಯ ಸಂಬಂಧ ನೆನಪಿಸುವ ಮಾತುಗಳು

ಕ್ಯಾಷ್ ಬುಕ್ ಬರೆಯುವ ಕ್ರಮ ಕಾಮರ್ಸಿನವರಿಗೆಲ್ಲ ಗೊತ್ತು. ಸಂಜೆ ಲೆಕ್ಕ ಮುಚ್ಚುವಾಗ ಉಳಿದ ಹಣವನ್ನು 'ಬ್ಯಾಲೆನ್ಸ್ ಕ್ಯಾರೀಡ್ ಡೌನ್' ಎಂದು ಬರೆಯುತ್ತೇವೆ. ಮರುದಿನ ತೆರೆಯುವಾಗ ಅದೇ ಮೊತ್ತವನ್ನು 'ಬ್ಯಾಲೆನ್ಸ್ ಬ್ರಾಟ್ ಡೌನ್' ಎಂದು ತಲೆಯಲ್ಲಿ ಬರೆಯುತ್ತೇವೆ. ನಮ್ಮ ಊರ ಕಡೆಯ ಅಂಗಡಿಗಳಲ್ಲಿ ಇದಕ್ಕೆ ಹಿಂದಿನ ಶಿಲ್ಕು ಅಂತಾರೆ. ಇದಕ್ಕೆ ನಿಯಮ ಎರಡೇ. ನಿನ್ನೆ ಉಳಿದದ್ದನ್ನು ಇವತ್ತು ತರದೆ ಬಿಡಬಾರದು. ನಿನ್ನೆ ಇಲ್ಲದ್ದನ್ನು ಇವತ್ತು ತರಬಾರದು.

ಇಂಗ್ಲಿಷ್ ಕಾಗದದಲ್ಲೂ ಇಂಥದೇ ಒಂದು ಶಿಲ್ಕು ಇದೆ. 'ವಿತ್ ರೆಫರೆನ್ಸ್ ಟು', 'ಫರ್ದರ್ ಟು', 'ಆ್ಯಸ್ ಡಿಸ್ಕಸ್ಡ್', 'ದಿ ಅಬೋವ್', 'ದಿ ಲ್ಯಾಟರ್' ಇವೆಲ್ಲ ಹಿಂದಿನ ಪುಟದಿಂದ ಏನನ್ನೋ ಈ ಪುಟಕ್ಕೆ ತರುವ ಮಾತುಗಳು. ನಿಮಗೂ ನನಗೂ ನಡುವೆ ಮೊದಲೇ ಒಂದು ಸಂಬಂಧ ಇದೆ, ಅದು ಇಂಥದು, ಅಲ್ಲಿಂದ ಮುಂದೆ ಮಾತಾಡೋಣ ಎಂದು ಓದುವವರಿಗೆ ತಿಳಿಸುವುದೇ ಇವುಗಳ ಕೆಲಸ.

ಕನ್ನಡ ಮಾಧ್ಯಮದಲ್ಲಿ ಓದಿ ಮುಂಬಯಿಯ ಕಾಲೇಜು ಸೇರಿದ ನಮ್ಮಂಥವರು ಇಂಗ್ಲಿಷ್ ಅಂದ ಕೂಡಲೇ ಸ್ಪೆಲ್ಲಿಂಗು, ಟೆನ್ಸು, ಪ್ರಿಪೊಸಿಷನ್ನು ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಅವು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಸ್ಪೆಲ್ಲಿಂಗ್ ತಪ್ಪಿದ ಕಾಗದಕ್ಕೂ ಉತ್ತರ ಬರಬಹುದು. ಯಾವುದರ ಬಗ್ಗೆ ಅಂತಲೇ ಗೊತ್ತಾಗದ ಕಾಗದಕ್ಕೆ ಉತ್ತರ ಬರುವುದು ಕಷ್ಟ. ಕೆಲಸದ ಅರ್ಜಿ, ಬ್ಯಾಂಕಿನ ದೂರು, ಡಿಪಾಸಿಟ್ ವಾಪಸಾತಿ, ಸ್ಕಾಲರ್‌ಶಿಪ್ಪಿನ ವಿಚಾರಣೆ, ಎಲ್ಲದರಲ್ಲೂ ಇದೇ ಮಾತು. ಆದ್ದರಿಂದ ಈ ಒಂದು ಜಾತಿಯ ಮಾತುಗಳನ್ನು ಮಾತ್ರ ಇಲ್ಲಿ ಒಟ್ಟಿಗೆ ನೋಡೋಣ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿಕೊಳ್ಳಿ, ಕಿವಿಗೆ ಬೇಗ ಹತ್ತುತ್ತವೆ.

1. ಎಲ್ಲಕ್ಕಿಂತ ಚಿಕ್ಕ ಮಾತು

ಹಿಂದಿನದನ್ನು ನೆನಪಿಸುವ ಅತಿ ಚಿಕ್ಕ ಇಂಗ್ಲಿಷ್ ಮಾತು 'ದಿ'. ಆರ್ಟಿಕಲ್ ಅಂದರೆ ನಮಗೆ ತಲೆನೋವು, ಯಾಕೆಂದರೆ ಕನ್ನಡದಲ್ಲಿ ಅದು ಇಲ್ಲ ಅಂತ ಹೇಳಿಕೊಟ್ಟಿದ್ದಾರೆ. ಆದರೆ ಅಜ್ಜಿ ಕಥೆ ಹೇಗೆ ಶುರುವಾಗುತ್ತದೆ, ನೆನಪಿಸಿಕೊಳ್ಳಿ. ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು. ಮೊದಲನೇ ಸಲ 'ಒಬ್ಬ', ಎರಡನೇ ಸಲ 'ಆ'. ಎರಡನೇ ಸಲವೂ 'ಒಬ್ಬ ರಾಜನಿಗೆ' ಅಂದರೆ, ಇದು ಬೇರೆ ರಾಜನಾ ಅಂತ ಮಗು ಕೇಳದೆ ಬಿಡುವುದಿಲ್ಲ. ಇಂಗ್ಲಿಷಿನ 'ಎ' ಮತ್ತು 'ದಿ' ಬಹುಮಟ್ಟಿಗೆ ಇದೇ. ಮೊದಲ ಪರಿಚಯಕ್ಕೆ 'ಎ', ಪರಿಚಯ ಆದ ಮೇಲೆ 'ದಿ'.

ವ್ಯತ್ಯಾಸ ಎಲ್ಲಿದೆ ಅಂದರೆ, ಕನ್ನಡದಲ್ಲಿ 'ಆ' ಬಿಟ್ಟರೂ ಅನೇಕ ಕಡೆ ನಡೆಯುತ್ತದೆ. 'ಅರ್ಜಿ ಕಳಿಸಿದ್ದೆ, ಅರ್ಜಿಗೆ ಉತ್ತರ ಬಂದಿಲ್ಲ' ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. 'ಐ ಸೆಂಟ್ ಆ್ಯನ್ ಅಪ್ಲಿಕೇಷನ್ ಆನ್ ದಿ ಫಿಫ್ತ್ ಆಫ್ ಜೂನ್. ಐ ಹ್ಯಾವ್ ನಾಟ್ ರಿಸೀವ್ಡ್ ಎ ರಿಪ್ಲೈ ಟು ದಿ ಅಪ್ಲಿಕೇಷನ್.' ಇಲ್ಲಿ ಎರಡನೇ ಅಪ್ಲಿಕೇಷನ್ನಿಗೆ 'ದಿ' ಬಂತು, ಏಕೆಂದರೆ ಅದು ಆಗಲೇ ಹೇಳಿದ ಅರ್ಜಿ. 'ರಿಪ್ಲೈ' ಮಾತ್ರ 'ಎ' ಆಗಿಯೇ ಉಳಿಯಿತು. ಅದು ಇನ್ನೂ ಬಂದೇ ಇಲ್ಲವಲ್ಲ, ಅದರ ಪರಿಚಯ ಎಲ್ಲಿಂದ ಬರಬೇಕು?

ಇದರ ತಿರುಗುಮುರುಗು ತಪ್ಪೂ ಉಂಟು. ಕಾಗದದ ಮೊದಲ ಸಾಲಿನಲ್ಲೇ 'ಐ ಹ್ಯಾವ್ ಸೀನ್ ದಿ ಅಡ್ವರ್ಟೈಸ್‌ಮೆಂಟ್' ಅಂತ ಬರೆಯುವುದು. ಯಾವ ಜಾಹೀರಾತು? ಆಫೀಸಿನವರು ಆ ತಿಂಗಳು ಐದು ಜಾಹೀರಾತು ಕೊಟ್ಟಿರಬಹುದು. ಬರೆಯುವವನ ಮನಸ್ಸಿನಲ್ಲಿ ಇದೆ, ಕಾಗದದಲ್ಲಿ ಇಲ್ಲ. ಕಾಗದದಲ್ಲಿ ಇಲ್ಲದ್ದು ಓದುವವನಿಗೆ ಇಲ್ಲವೇ ಇಲ್ಲ. ಯಾವ ಪತ್ರಿಕೆ, ಯಾವ ತಾರೀಕು, ಯಾವ ಹುದ್ದೆ ಎಂದು ಹೇಳಿದ ಮೇಲೆಯೇ 'ದಿ' ಗೆ ಹಕ್ಕು ಬರುತ್ತದೆ.

2. ಯಾರ ಕಾಗದ, ಯಾರ ಉತ್ತರ

ಇನ್ನು ಕಾಗದದ ಮೊದಲ ಸಾಲು. ಇಲ್ಲಿ ಹಲವರು ಎಲ್ಲದಕ್ಕೂ 'ವಿತ್ ರೆಫರೆನ್ಸ್ ಟು' ಒಂದನ್ನೇ ಬಳಸುತ್ತಾರೆ. ತಪ್ಪೇನಿಲ್ಲ, ಆದರೆ ಒಂದೇ ಬೀಗದ ಕೈ ಎಲ್ಲ ಬಾಗಿಲಿಗೂ ಹಿಡಿಯುವುದಿಲ್ಲ. ಸಂಬಂಧ ಯಾವ ತರಹದ್ದು ಅಂತ ನೋಡಿ ಮಾತು ಆರಿಸಬೇಕು.

ಅವರು ಏನೋ ಕೇಳಿ ಬರೆದಿದ್ದಾರೆ, ನಾವು ಉತ್ತರ ಕೊಡುತ್ತಿದ್ದೇವೆ: 'ಇನ್ ರಿಪ್ಲೈ ಟು ಯುವರ್ ಲೆಟರ್'.

ಅವರು ನಮ್ಮನ್ನು ಏನೂ ಕೇಳಿಲ್ಲ, ಆದರೆ ಅವರ ಒಂದು ಜಾಹೀರಾತು, ಬಿಲ್ಲು ಅಥವಾ ನೋಟೀಸಿನ ವಿಚಾರ ನಾವು ಎತ್ತುತ್ತಿದ್ದೇವೆ: 'ವಿತ್ ರೆಫರೆನ್ಸ್ ಟು'.

ನಾವೇ ಮೊದಲು ಬರೆದದ್ದಕ್ಕೆ ಮತ್ತಷ್ಟು ಸೇರಿಸುತ್ತಿದ್ದೇವೆ: 'ಇನ್ ಕಂಟಿನ್ಯುಯೇಷನ್ ಆಫ್ ಮೈ ಲೆಟರ್'. ನಮ್ಮ ದೇಶದ ಸರ್ಕಾರಿ ಕಚೇರಿಗಳಲ್ಲಿ ಇದು ಬಹಳ ರೂಢಿ.

ಕಾಗದವೋ ಫೋನ್ ಮಾತೋ ಭೇಟಿಯೋ ಆಗಿದೆ, ಈಗ ಮುಂದಿನ ಹೆಜ್ಜೆ ಇಡುತ್ತಿದ್ದೇವೆ: 'ಫರ್ದರ್ ಟು ಅವರ್ ಕಾನ್ವರ್ಸೇಷನ್'. 'ಫರ್ದರ್' ಅಂದ ಮೇಲೆ ಮುಂದೆ ಹೊಸದೇನಾದರೂ ಇರಬೇಕು. ಹೇಳಿದ್ದನ್ನೇ ಮತ್ತೆ ಹೇಳುವುದಕ್ಕೆ 'ಫರ್ದರ್ ಟು' ಬೇಡ.

ಒಂದು ನಿಯಮ, ಒಪ್ಪಂದ ಅಥವಾ ಸೂಚನೆಯ ಪ್ರಕಾರ ನಡೆದುಕೊಂಡಿದ್ದೇವೆ: 'ಆ್ಯಸ್ ಪರ್'. ಇದು 'ಪ್ರಕಾರ', 'ಬಗ್ಗೆ' ಅಲ್ಲ. 'ಆ್ಯಸ್ ಪರ್ ದಿ ಟರ್ಮ್ಸ್ ಆಫ್ ಪೇಮೆಂಟ್' ಸರಿ. 'ಆ್ಯಸ್ ಪರ್ ಮೈ ಒಪಿನಿಯನ್' ಸರಿಯಲ್ಲ, 'ಇನ್ ಮೈ ಒಪಿನಿಯನ್' ಸಾಕು.

ಈಗ ಒಂದು ಸಾಮಾನ್ಯ ಎಡವಟ್ಟು ನೋಡಿ. 'ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್ ಟೆಂತ್ ಜೂನ್.' ಇಷ್ಟು ಬರೆದು ಫುಲ್‌ಸ್ಟಾಪ್ ಹಾಕುವುದು. ಇದು 'ನಿಮ್ಮ ಜೂನ್ 10ರ ಕಾಗದಕ್ಕೆ ಸಂಬಂಧಿಸಿದಂತೆ' ಅಂತ ಹೇಳಿ ಎದ್ದು ಹೋದ ಹಾಗೆ. ಸಂಬಂಧಿಸಿದಂತೆ ಏನು ಅಂತ ಹೇಳಬೇಡವೇ? ಕಾಗದದ ತಲೆಯಲ್ಲಿ ಪ್ರತ್ಯೇಕ ಸಾಲಾಗಿ ಇದ್ದರೆ ನಡೆಯುತ್ತದೆ, ವಾಕ್ಯವಾಗಿ ನಡೆಯುವುದಿಲ್ಲ. ಪೂರ್ತಿ ಮಾಡಿದರೆ ಹೀಗೆ: 'ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಆಫ್ ಟೆಂತ್ ಜೂನ್, ಐ ಎನ್‌ಕ್ಲೋಸ್ ದಿ ಸರ್ಟಿಫಿಕೇಟ್ ಯು ಆಸ್ಕ್ಡ್ ಫಾರ್.' ಇನ್ನೂ ಸರಳ ಬೇಕಾದರೆ: 'ಥ್ಯಾಂಕ್ ಯು ಫಾರ್ ಯುವರ್ ಲೆಟರ್ ಆಫ್ ಟೆಂತ್ ಜೂನ್. ದಿ ಸರ್ಟಿಫಿಕೇಟ್ ಈಸ್ ಎನ್‌ಕ್ಲೋಸ್ಡ್.' ಬ್ರಿಟನ್ನಿನ ಸರ್ಕಾರಿ ನೌಕರರ ಬರವಣಿಗೆ ಸುಧಾರಿಸಲಿ ಅಂತ ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯ ಮೇಲೆ ಸರ್ ಅರ್ನೆಸ್ಟ್ ಗೋವರ್ಸ್ 1948ರಲ್ಲಿ 'ಪ್ಲೇನ್ ವರ್ಡ್ಸ್' ಎಂಬ ಪುಸ್ತಕ ಬರೆದರು. ಇಂಗ್ಲಿಷ್ ಮನೆಮಾತಾದವರಿಗೇ ಇಂಥ ಪಾಠ ಬೇಕಾಯಿತು ಅಂದ ಮೇಲೆ ನಾವು ಕಲಿಯುವುದರಲ್ಲಿ ಅವಮಾನ ಏನಿದೆ?

ಉಲ್ಲೇಖಕ್ಕೆ ಮೂರು ಅಂಗ: ತಾರೀಕು, ನಂಬರು, ವಿಷಯ. ಮೂರರಲ್ಲಿ ಎರಡಾದರೂ ಇರಲಿ. ಇದು ಬರೀ ಶಿಸ್ತಿನ ಮಾತಲ್ಲ. ನನಗೆ ಗೊತ್ತಿರುವ ಒಬ್ಬ ಗೆಳೆಯ ಡಿಪಾಸಿಟ್ ಹಣ ವಾಪಸ್ ಕೇಳಿ ಒಂದು ಆಫೀಸಿಗೆ ಮೂರು ಕಾಗದ ಬರೆದ. ಮೂರೂ ಹೊಸ ಕಾಗದದ ಹಾಗೇ ಇದ್ದವು. ಎರಡನೆಯದರಲ್ಲಿ ಮೊದಲನೆಯದರ ಸುದ್ದಿ ಇಲ್ಲ, ಮೂರನೆಯದರಲ್ಲಿ ಎರಡೂ ಇಲ್ಲ. ಪ್ರತಿ ಸಲವೂ 'ಪೂರ್ತಿ ವಿವರ ಕಳಿಸಿ' ಎಂಬ ಒಂದೇ ಉತ್ತರ. ಆಫೀಸಿನ ಲೆಕ್ಕದಲ್ಲಿ ಅವನು ಆರು ತಿಂಗಳಿಂದ ಕಾಯುತ್ತಿದ್ದವನಲ್ಲ, ಪ್ರತಿ ಸಲವೂ ನಿನ್ನೆ ಬಂದವನು. ನಾಲ್ಕನೇ ಸಲ ರಸೀದಿ ನಂಬರು, ಹಿಂದಿನ ಮೂರು ಕಾಗದದ ತಾರೀಕು, ಅವರ ಮೂರು ಉತ್ತರದ ತಾರೀಕು ಎಲ್ಲ ಒಂದು ಪ್ಯಾರಾದಲ್ಲಿ ಬರೆದ. ಆಗ ಮಾತ್ರ ಅವನ ಕಾಗದ ಮೇಲಿನವರ ಟೇಬಲ್ಲಿಗೆ ಹೋಯಿತು, ಹಣವೂ ಬಂತು. ಹಿಂದಿನ ಶಿಲ್ಕು ತರದೆ ಬಿಟ್ಟರೆ ಕಳೆದುಹೋಗುವುದು ನಮ್ಮದೇ.

3. ಮನುಷ್ಯರಿಗೆ ನೆನಪಿಸುವುದು

ಆಫೀಸಿಗೆ ಬರೆಯುವುದಕ್ಕಿಂತ ಕಷ್ಟವಾದದ್ದು, ಒಮ್ಮೆ ಪರಿಚಯವಾದ ಮನುಷ್ಯರಿಗೆ ಬರೆಯುವುದು. ಕ್ಲಾಸಿನಲ್ಲಿ ಪಾಠ ಹೇಳಿದ ಮೇಷ್ಟ್ರು, ಸಂಘದ ಕಾರ್ಯಕ್ರಮದಲ್ಲಿ ಐದು ನಿಮಿಷ ಮಾತಾಡಿಸಿದ ಚಾರ್ಟರ್ಡ್ ಅಕೌಂಟೆಂಟು, ಟ್ರೈನಿಂಗಿಗೆ ಹೋದಾಗ ಒಳ್ಳೆಯ ಮಾತಾಡಿದ ಮ್ಯಾನೇಜರು. ಇವರಿಗೆ ಬರೆಯಲು ನಮ್ಮವರಿಗೆ ಬಹಳ ಸಂಕೋಚ. ನೆನಪಿಸಿದರೆ ವಶೀಲಿ ಹಚ್ಚಿದ ಹಾಗಾಗುತ್ತದೆ ಅಂತ ಅಂಜಿಕೆ. ಆದರೆ ವಶೀಲಿ ಬೇರೆ, ಗುರುತು ಬೇರೆ. ನಿಯಮ ಮುರಿಯಲು ಸಂಬಂಧ ಬಳಸಿದರೆ ವಶೀಲಿ. ನಾನು ಯಾರು ಎಂದು ತಿಳಿಸಲು ಬಳಸಿದರೆ ಅದು ಗುರುತು. ಈ ಊರಿನಲ್ಲಿ ಸೋದರಮಾವ ದೊಡ್ಡ ಆಫೀಸರಾಗಿರುವ ಹುಡುಗನಿಗೆ ಗುರುತು ಹೇಳಿಕೊಳ್ಳುವ ಕಷ್ಟವಿಲ್ಲ. ನಮಗೆ ಇರುವುದು ಐದೈದು ನಿಮಿಷದ ಪರಿಚಯಗಳೇ. ಅವನ್ನೂ ಸಂಕೋಚದಿಂದ ಬಿಟ್ಟುಕೊಟ್ಟರೆ ಉಳಿಯುವುದೇನು?

ಇದಕ್ಕೆ ಇಂಗ್ಲಿಷಿನಲ್ಲಿ ಮರ್ಯಾದೆಯ ಮಾತುಗಳಿವೆ. ಮೊದಲು, ಏನು ಬರೆಯಬಾರದು ಅಂತ ನೋಡೋಣ. ಕನ್ನಡದಲ್ಲಿ 'ನನ್ನ ನೆನಪಿದೆಯಾ ಸರ್?' ಅಂದರೆ ಅದರಲ್ಲಿ ಪ್ರೀತಿ ಇದೆ. ಅದನ್ನೇ ಕಾಗದದಲ್ಲಿ 'ಡು ಯು ರಿಮೆಂಬರ್ ಮಿ?' ಅಂತ ಬರೆದರೆ ಓದುವವರಿಗೆ ಪರೀಕ್ಷೆ ಇಟ್ಟ ಹಾಗಾಗುತ್ತದೆ. ಮರೆತಿದ್ದರೆ ಪಾಪ, ಅವರಿಗೇ ಮುಜುಗರ. 'ಯು ಮಸ್ಟ್ ಬಿ ರಿಮೆಂಬರಿಂಗ್ ಮಿ' ಎಂಬುದು ವ್ಯಾಕರಣದಲ್ಲೂ ಸರಿಯಲ್ಲ, ಮರ್ಯಾದೆಯಲ್ಲೂ ಸರಿಯಲ್ಲ. 'ಯು ಮೇ ರಿಮೆಂಬರ್ ದ್ಯಾಟ್ ವಿ ಮೆಟ್' ಅನ್ನಿ. ಆ 'ಮೇ' ಎಂಬ ಚಿಕ್ಕ ಮಾತು ಮರೆಯುವುದಕ್ಕೂ ಜಾಗ ಬಿಡುತ್ತದೆ.

ಇಷ್ಟಕ್ಕೇ ನಿಲ್ಲಿಸದೆ ಎಲ್ಲಿ, ಯಾವಾಗ, ಏನು ಮಾತಾಡಿದೆವು ಎಂಬ ಮೂರನ್ನೂ ನಾವೇ ಹೇಳಿಬಿಡಬೇಕು. ನೆನಪಿಸಿಕೊಳ್ಳುವ ಕೆಲಸ ಅವರದಲ್ಲ, ನೆನಪಿಸುವ ಕೆಲಸ ನಮ್ಮದು. ಒಂದು ಮಾದರಿ:

'ಡಿಯರ್ ಸರ್, ಐ ವಾಸ್ ಇನ್ ಯುವರ್ ಕಾಸ್ಟಿಂಗ್ ಕ್ಲಾಸ್ ಲಾಸ್ಟ್ ಇಯರ್, ಆ್ಯಂಡ್ ವಿ ಸ್ಪೋಕ್ ಅಬೌಟ್ ಆರ್ಟಿಕಲ್‌ಶಿಪ್ ಆಫ್ಟರ್ ದಿ ಲಾಸ್ಟ್ ಲೆಕ್ಚರ್. ಯು ಸಜೆಸ್ಟೆಡ್ ದ್ಯಾಟ್ ಐ ರೈಟ್ ಟು ಯು ವೆನ್ ದಿ ರಿಸಲ್ಟ್ಸ್ ಕೇಮ್. ದೇ ಹ್ಯಾವ್ ಕಮ್, ಆ್ಯಂಡ್ ಐ ಹ್ಯಾವ್ ಪಾಸ್ಡ್.'

ಮೂರೇ ಸಾಲು. ಹೊಗಳಿಕೆ ಇಲ್ಲ, ದೈನ್ಯ ಇಲ್ಲ. ಸಂಬಂಧ ಎಷ್ಟಿತ್ತೋ ಅಷ್ಟೇ ಇದೆ. ಓದಿದ ಮೇಷ್ಟ್ರಿಗೆ ಮುಖ ನೆನಪಾಗದಿದ್ದರೂ ಸಂದರ್ಭ ನೆನಪಾಗುತ್ತದೆ.

'ಆ್ಯಸ್ ಪ್ರಾಮಿಸ್ಡ್' ಬಗ್ಗೆ ಒಂದು ಎಚ್ಚರಿಕೆ. ಮಾತು ಕೊಟ್ಟವರು ನಾವಾದರೆ ಅದು ಚಂದ: 'ಆ್ಯಸ್ ಪ್ರಾಮಿಸ್ಡ್, ಐ ಆ್ಯಮ್ ಸೆಂಡಿಂಗ್ ಮೈ ಮಾರ್ಕ್‌ಷೀಟ್.' ಮಾತು ಕೊಟ್ಟವರು ಅವರಾದರೆ, 'ಆ್ಯಸ್ ಪ್ರಾಮಿಸ್ಡ್ ಬೈ ಯು' ಅಂತ ಬರೆದಾಗ ಸಾಲ ವಸೂಲಿಗೆ ಬಂದ ಹಾಗೆ ಕೇಳಿಸುತ್ತದೆ. ಅಲ್ಲಿ 'ಯು ವರ್ ಕೈಂಡ್ ಇನಫ್ ಟು ಸೇ ದ್ಯಾಟ್' ಎಂದು ಶುರು ಮಾಡಿ. ಅರ್ಥ ಅದೇ, ಬಾಗಿಲು ತಟ್ಟುವ ಸದ್ದು ಬೇರೆ.

4. ಒಂದೇ ಪುಟದೊಳಗೆ

ಕಾಗದದ ಒಳಗೂ ಮೇಲಿನ ಸಾಲನ್ನು ಕೆಳಗಿನ ಸಾಲು ನೆನಪಿಸಬೇಕಾಗುತ್ತದೆ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲೂ ಇದು ಬೇಕು.

'ದಿ ಫಾರ್ಮರ್', 'ದಿ ಲ್ಯಾಟರ್' ಅಂದರೆ ಮೊದಲು ಹೇಳಿದ್ದು, ಆಮೇಲೆ ಹೇಳಿದ್ದು. ಇವು ಎರಡೇ ವಸ್ತು ಇದ್ದಾಗ ಮಾತ್ರ. ಷೇರು, ಡಿಬೆಂಚರು ಎರಡನ್ನು ಹೋಲಿಸಿ 'ದಿ ಲ್ಯಾಟರ್' ಅಂದರೆ ಡಿಬೆಂಚರು. ಷೇರು, ಡಿಬೆಂಚರು, ಡಿಪಾಸಿಟ್ಟು ಅಂತ ಮೂರು ಬಂದರೆ 'ದಿ ಲ್ಯಾಟರ್' ಹೋಯಿತು, 'ದಿ ಲಾಸ್ಟ್' ಅನ್ನಬೇಕು. ಓದುವವರು ಮೇಲೆ ಕಣ್ಣಾಡಿಸಿ ಯಾವುದು ಮೊದಲು ಅಂತ ಹುಡುಕುವ ಹಾಗಿದ್ದರೆ ಹೆಸರನ್ನೇ ಮತ್ತೆ ಬರೆಯಿರಿ. ಅಕೌಂಟೆನ್ಸಿ ಉತ್ತರದಲ್ಲಿ ಒಂದು ಶಬ್ದ ಎರಡು ಸಲ ಬಂದರೆ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

'ರೆಸ್ಪೆಕ್ಟಿವ್‌ಲಿ' ಅಂದರೆ 'ಅನುಕ್ರಮವಾಗಿ'. 'ಎ ಆ್ಯಂಡ್ ಬಿ ಬ್ರಾಟ್ 5,000 ಆ್ಯಂಡ್ 3,000 ರುಪೀಸ್ ರೆಸ್ಪೆಕ್ಟಿವ್‌ಲಿ.' ಮೊದಲ ಸಾಲಿನಲ್ಲಿ ಎಷ್ಟು ಹೆಸರೋ ಅಷ್ಟೇ ಮೊತ್ತ ಇರಬೇಕು. ಇಲ್ಲಾಂದ್ರೆ ಅದು ಅಲಂಕಾರಕ್ಕೆ ಇಟ್ಟ ಶಬ್ದ. 'ರೆಸ್ಪೆಕ್ಟ್‌ಫುಲಿ' ಜೊತೆಗೆ ಇದನ್ನು ಬೆರೆಸಬೇಡಿ, ಅದು ಗೌರವಪೂರ್ವಕ.

'ದಿ ಸೇಮ್' ನಮ್ಮ ದೇಶದ ಕಾಗದಗಳಲ್ಲಿ ಎಲ್ಲೆಲ್ಲೂ ಇದೆ. 'ಪ್ಲೀಸ್ ಅಕ್ನಾಲೆಜ್ ದಿ ಸೇಮ್', 'ಕೈಂಡ್ಲಿ ಸೆಂಡ್ ದಿ ಸೇಮ್'. ಎಚ್. ಡಬ್ಲ್ಯು. ಫೌಲರ್ 1926ರ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲೇ ಇದನ್ನು ಆಕ್ಷೇಪಿಸಿದ್ದಾರೆ. 'ಇಟ್', 'ದೆಮ್' ಅಂದರೆ ಸಾಕು. 'ದಿ ಸೆಡ್ ಪ್ರೆಮಿಸಸ್', 'ದಿ ಅಫೋರ್‌ಸೆಡ್ ಪಾರ್ಟಿ' ಇವು ವಕೀಲರ ಕರಾರುಪತ್ರಗಳಿಗೆ ಇರಲಿ. ಹಾಸ್ಟೆಲ್ ವಾರ್ಡನ್ನಿಗೆ 'ದಿ ಅಫೋರ್‌ಸೆಡ್ ಫ್ಯಾನ್' ರಿಪೇರಿ ಮಾಡಿಸಿ ಅಂತ ಬರೆದರೆ ಫ್ಯಾನು ತಿರುಗುವ ಮೊದಲು ವಾರ್ಡನ್ನಿನ ತಲೆ ತಿರುಗುತ್ತದೆ.

ಮಾತಿನಲ್ಲಿ ನಾವೆಲ್ಲ ಬಳಸುವ 'ಡಿಟ್ಟೋ' ಕೂಡ ಇದೇ ಕುಲದ್ದು. ಇಟಲಿಯ ಭಾಷೆಯಲ್ಲಿ ಅದರ ಅರ್ಥ 'ಹೇಳಿದ' ಅಂತ. ತಿಂಗಳ ಹೆಸರು ಮತ್ತೆ ಮತ್ತೆ ಬರೆಯುವುದು ತಪ್ಪಲಿ ಎಂದು ಹುಟ್ಟಿದ ಬಳಕೆ, 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಈಗ ಅಪ್ಪನ ಹಾಗೇ ಮಗ ಇದ್ದರೂ ಡಿಟ್ಟೋ!

5. ಅಜ್ಜನ ಕಾಲದ ಮಾತುಗಳು

ಹಳೆಯ ಕಾಮರ್ಸ್ ಪುಸ್ತಕ ತೆರೆದರೆ 'ಯುವರ್ ಎಸ್ಟೀಮ್ಡ್ ಫೇವರ್ ಆಫ್ ದಿ ಟೆಂತ್ ಇನ್‌ಸ್ಟಂಟ್' ಎಂಬಂಥ ಸಾಲು ಸಿಗುತ್ತದೆ. ಇಲ್ಲಿ 'ಫೇವರ್' ಅಂದರೆ ಉಪಕಾರವಲ್ಲ, ಕಾಗದ. 'ಇನ್‌ಸ್ಟಂಟ್' ಅಂದರೆ ಈ ತಿಂಗಳು, 'ಅಲ್ಟಿಮೋ' ಹೋದ ತಿಂಗಳು, 'ಪ್ರಾಕ್ಸಿಮೋ' ಬರುವ ತಿಂಗಳು. ಅರ್ಥ ತಿಳಿದಿರಲಿ, ಬಳಕೆ ಬೇಡ. ಹೋದ ತಿಂಗಳು ಅಂದರೆ ಯಾವುದು ಅಂತ ಲೆಕ್ಕ ಹಾಕುವುದಕ್ಕಿಂತ ತಿಂಗಳ ಹೆಸರೇ ಬರೆಯುವುದು ಲೇಸು.

ತಂತಿಯವರದು ಇನ್ನೂ ಮಜಾ. ಶಬ್ದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಾದ್ದರಿಂದ ವ್ಯಾಪಾರಿಗಳು ಶಬ್ದಗಳನ್ನು ಅಂಟಿಸುತ್ತಿದ್ದರು. 'ನಿಮ್ಮ ತಂತಿಯ ಬಗ್ಗೆ' ಎಂಬುದಕ್ಕೆ 'ರಿಯುವರ್‌ಟೆಲ್', 'ನಿಮ್ಮ ಕಾಗದದ ಬಗ್ಗೆ' ಎಂಬುದಕ್ಕೆ 'ರಿಯುವರ್‌ಲೆಟ್'. ನಮ್ಮ ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಆದರೆ ಇದರಲ್ಲಿ ಒಂದು ಪಾಠ ಇದೆ. ಒಂದೊಂದು ಶಬ್ದಕ್ಕೂ ಕಾಸು ಎಣಿಸುತ್ತಿದ್ದ ವ್ಯಾಪಾರಿ ಎಲ್ಲವನ್ನೂ ಕತ್ತರಿಸಿದ, ಹಿಂದಿನ ಸಂಬಂಧ ಹೇಳುವ ಮಾತನ್ನು ಮಾತ್ರ ಕತ್ತರಿಸಲಿಲ್ಲ.

ಇ-ಮೇಲಿನ ತಲೆಯಲ್ಲಿ ಬರುವ 'ರೀ' ಕೂಡ ಇದೇ ಮನೆತನದ್ದು. ಅದು 'ರಿಪ್ಲೈ'ನ ಮೊದಲ ಎರಡಕ್ಷರ ಅಂತ ಅನೇಕರು ತಿಳಿದಿದ್ದಾರೆ. ಮೂಲದಲ್ಲಿ ಅದು ಲ್ಯಾಟಿನ್ನಿನ 'ಇನ್ ರೆ', ಅಂದರೆ 'ಈ ವಿಷಯದಲ್ಲಿ'. ಇ-ಮೇಲಿನ ರೂಪವನ್ನು ಗೊತ್ತುಮಾಡಿದ 2008ರ ನಿಯಮದಲ್ಲೂ ಹಾಗೆಯೇ ಹೇಳಿದೆ. ಹಳೇ ಮೇಲಿಗೆ ಉತ್ತರ ಒತ್ತಿ ಅದರೊಳಗೆ ಸಂಬಂಧವೇ ಇಲ್ಲದ ಹೊಸ ವಿಷಯ ಬರೆದರೆ ಅದು ಸುಳ್ಳು ಶಿಲ್ಕು. ಹಾಗೆಯೇ 'ಪ್ಲೀಸ್ ರಿವರ್ಟ್' ಎಂಬ ಮಾತು ನಮ್ಮ ದೇಶದ ಆಫೀಸುಗಳಲ್ಲಿ 'ಉತ್ತರ ಕೊಡಿ' ಎಂಬ ಅರ್ಥದಲ್ಲಿ ನಡೆಯುತ್ತದೆ. ಹೊರದೇಶದವರಿಗೆ ಬರೆಯುವಾಗ 'ಪ್ಲೀಸ್ ರಿಪ್ಲೈ' ಅನ್ನಿ. ಅವರಲ್ಲಿ 'ರಿವರ್ಟ್' ಅಂದರೆ ಹಿಂದಿನ ಸ್ಥಿತಿಗೆ ಮರಳುವುದು.

6. ಇಲ್ಲದ ಶಿಲ್ಕು

ಈಗ ಎರಡನೇ ನಿಯಮಕ್ಕೆ ಬರೋಣ: ಹಿಂದೆ ಇಲ್ಲದ್ದನ್ನು ತರಬಾರದು. 'ಆ್ಯಸ್ ಡಿಸ್ಕಸ್ಡ್', 'ಆ್ಯಸ್ ಅಗ್ರೀಡ್', 'ಆ್ಯಸ್ ಯು ಆರ್ ಅವೇರ್' ಈ ಮೂರು ಮಾತು ಬಹಳ ಸಾಧುವಾಗಿ ಕಾಣುತ್ತವೆ. ಆದರೆ ಇವು ಸಾಕ್ಷಿ ಹೇಳುವ ಮಾತುಗಳು. 'ಆ್ಯಸ್ ಡಿಸ್ಕಸ್ಡ್' ಅಂದರೆ ಇಬ್ಬರೂ ಮಾತಾಡಿದ್ದೇವೆ. 'ಆ್ಯಸ್ ಅಗ್ರೀಡ್' ಅಂದರೆ ಇಬ್ಬರೂ ಒಪ್ಪಿದ್ದೇವೆ. ಬರೀ ಮಾತಾಡಿದ್ದಕ್ಕೆ 'ಅಗ್ರೀಡ್' ಅಂತ ಬರೆಯುವುದು, ಒಪ್ಪದವರ ಹೆಸರಿನಲ್ಲಿ ಸಹಿ ಹಾಕಿದ ಹಾಗೆ.

ನಮಗೆ ಯಾರಾದರೂ ಹೀಗೆ ಬರೆದರೆ? 'ಆ್ಯಸ್ ಅಗ್ರೀಡ್, ಯು ವಿಲ್ ವರ್ಕ್ ಆನ್ ಸಂಡೇಸ್' ಅಂತ ಕೆಲಸ ಕೊಟ್ಟವರಿಂದ ಕಾಗದ ಬಂತು. ನಾವು ಒಪ್ಪಿಯೇ ಇರಲಿಲ್ಲ. ಸುಮ್ಮನಿದ್ದರೆ ಮುಂದೆ ಆ ಕಾಗದವೇ ನಮ್ಮ ವಿರುದ್ಧ ಮಾತಾಡಬಹುದು. ತಡ ಮಾಡದೆ, ಮರ್ಯಾದೆಯಿಂದಲೇ ತಿದ್ದಬೇಕು: 'ವಿ ಡಿಡ್ ಡಿಸ್ಕಸ್ ದಿಸ್, ಬಟ್ ಐ ಡಿಡ್ ನಾಟ್ ಅಗ್ರೀ ಟು ಇಟ್.' ಈ ಒಂದು ವಾಕ್ಯ ಬರೆಯಲು ಬಂದರೆ ಬಿ.ಕಾಂ.ನ ಅರ್ಧ ಇಂಗ್ಲಿಷ್ ಬಂದ ಹಾಗೆ ಅಂತ ನನ್ನ ಅಭಿಪ್ರಾಯ.

ಕಾನೂನಿನಲ್ಲಿ ಇದಕ್ಕೆ ಎಷ್ಟು ತೂಕ ಇದೆ ಎಂಬುದಕ್ಕೆ ನಮ್ಮ ಮರ್ಕೆಂಟೈಲ್ ಲಾ ಪಾಠದ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಸಾಲದ ಹಣ, ಮಾರಿದ ಸರಕಿನ ಹಣ ಕೇಳಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ. ಆ ಅವಧಿ ಮುಗಿಯುವ ಮೊದಲು ಬಾಕಿದಾರನು ಬಾಕಿ ಇದೆ ಎಂದು ಬರೆದು ಸಹಿ ಮಾಡಿದರೆ, 1963ರ ಲಿಮಿಟೇಷನ್ ಆ್ಯಕ್ಟಿನ 18ನೇ ಸೆಕ್ಷನ್ ಪ್ರಕಾರ ಆ ಸಹಿಯ ದಿನದಿಂದ ಅವಧಿ ಹೊಸದಾಗಿ ಶುರುವಾಗುತ್ತದೆ. 'ಈಗ ಕೊಡುವುದಿಲ್ಲ' ಅಂತ ಜೊತೆಗೆ ಬರೆದಿದ್ದರೂ ಆ ಒಪ್ಪಿಗೆ ಸಾಲಬಹುದು. ಈಗ ಎರಡು ಸಾಲುಗಳನ್ನು ಹೋಲಿಸಿ. 'ವಿತ್ ರೆಫರೆನ್ಸ್ ಟು ಯುವರ್ ಬಿಲ್' ಅಂದರೆ ನಿಮ್ಮ ಬಿಲ್ಲು ಬಂದಿದೆ, ಅಷ್ಟೆ. 'ವಿತ್ ರೆಫರೆನ್ಸ್ ಟು ದಿ ಬ್ಯಾಲೆನ್ಸ್ ಡ್ಯೂ ಫ್ರಮ್ ಮಿ' ಅಂದರೆ ನಾನು ಬಾಕಿ ಇದ್ದೇನೆ ಅಂತ ನಾನೇ ಬರೆದುಕೊಟ್ಟ ಹಾಗೆ. ಬಾಕಿ ನಿಜವಾಗಿದ್ದರೆ ಬರೆಯುವುದೇ ಧರ್ಮ. ಆದರೆ ಗೊತ್ತಿದ್ದು ಬರೆಯಬೇಕು, ಚಂದ ಕಾಣುತ್ತದೆ ಅಂತ ಬರೆಯಬಾರದು.

7. ಕನ್ನಡದಲ್ಲಿ ಇದು ಇಲ್ಲವೇ?

ಇದೆಲ್ಲ ಇಂಗ್ಲಿಷರ ಜಾಣತನ, ನಮಗೆ ಹೊಸದು ಅಂತ ಯಾರೂ ತಿಳಿಯಬೇಕಾಗಿಲ್ಲ. ಕರ್ನಾಟಕದ ಯಾವುದೇ ಸರ್ಕಾರಿ ಕಾಗದದ ತಲೆಯಲ್ಲಿ 'ವಿಷಯ' ಆದ ಮೇಲೆ 'ಉಲ್ಲೇಖ' ಇರುತ್ತದೆ. ಒಳಗೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಬರುತ್ತದೆ. 'ಸದರಿ ಅರ್ಜಿದಾರರು' ಅಂದರೆ ಆಗಲೇ ಹೇಳಿದ ಅರ್ಜಿದಾರರು. ಇದೇ ಮಾತು ಮರಾಠಿ ಕಾಗದಗಳಲ್ಲಿ 'ಸದರ' ಅಂತ ಇರುವುದನ್ನು ಮುಂಬಯಿಯ ನಾವು ನೋಡಿದ್ದೇವೆ. ಮನೆಯ ಕಾಗದಗಳಲ್ಲಂತೂ 'ಉಭಯ ಕುಶಲೋಪರಿ' ಆದ ಕೂಡಲೇ 'ನೀವು ಬರೆದ ಕಾಗದ ಬಂದು ತಲುಪಿ ಸಂಗತಿ ತಿಳಿಯಿತು' ಅಂತ ಹಿರಿಯರು ಬರೆಯುತ್ತಿದ್ದರು. ಎರಡನೇ ಕ್ಲಾಸು ಓದಿದವರೂ ಇದನ್ನು ಬಿಡುತ್ತಿರಲಿಲ್ಲ. ನಿನ್ನ ಮಾತು ನನಗೆ ಮುಟ್ಟಿದೆ, ಈಗ ನನ್ನ ಮಾತು ಕೇಳು, ಎಂಬ ಸೌಜನ್ಯ ಅದು.

ಆದ್ದರಿಂದ ನಾವು ಕಲಿಯಬೇಕಾದದ್ದು ಹೊಸ ಭಾವನೆಯಲ್ಲ, ಹೊಸ ಮಾತು ಮಾತ್ರ. ಶಬ್ದಕ್ಕೆ ಶಬ್ದ ಇಟ್ಟು ಅನುವಾದ ಮಾಡಬೇಡಿ. ಯಾವ ಸಂಬಂಧ ಎಂದು ಮೊದಲು ಕನ್ನಡದಲ್ಲೇ ನಿಮಗೆ ನೀವು ಹೇಳಿಕೊಳ್ಳಿ: ಅವರು ಕೇಳಿದ್ದಾ, ನಾವು ಸೇರಿಸುವುದಾ, ಇಬ್ಬರೂ ಒಪ್ಪಿದ್ದಾ, ಬರೀ ಮಾತಾಡಿದ್ದಾ? ಅದು ಸ್ಪಷ್ಟವಾದರೆ ಇಂಗ್ಲಿಷ್ ಮಾತು ತಾನಾಗಿ ಸಿಗುತ್ತದೆ.

ಅಭ್ಯಾಸ

ಕೆಳಗಿನವುಗಳಿಗೆ ಯಾವ ಮಾತು ಸರಿ, ಯೋಚಿಸಿ. ಉತ್ತರ ಕೊನೆಯಲ್ಲಿದೆ, ಮೊದಲೇ ನೋಡಬೇಡಿ.

ಅ. ಬ್ಯಾಂಕು ನಿಮ್ಮ ಹೊಸ ವಿಳಾಸ ಕೇಳಿ ಬರೆದಿದೆ. ಉತ್ತರ ಬರೆಯುತ್ತಿದ್ದೀರಿ.
ಆ. ಅರ್ಜಿ ಕಳಿಸಿದ ಮೇಲೆ ಇನ್ನೊಂದು ಸರ್ಟಿಫಿಕೇಟ್ ಸಿಕ್ಕಿತು. ಕಳಿಸುತ್ತಿದ್ದೀರಿ.
ಇ. ಫೋನಿನಲ್ಲಿ ಸಂಬಳದ ಮಾತು ಬಂತು, ತೀರ್ಮಾನ ಆಗಲಿಲ್ಲ. ಮರುದಿನ ಬರೆಯುತ್ತಿದ್ದೀರಿ.
ಈ. ನಾಲ್ಕು ವಿಧದ ಅಕೌಂಟ್ ವಿವರಿಸಿ, ನಾಲ್ಕನೆಯದರ ಬಗ್ಗೆ ಮತ್ತೆ ಹೇಳಬೇಕಾಗಿದೆ.

ಉತ್ತರ: ಅ. 'ಇನ್ ರಿಪ್ಲೈ ಟು'. ಆ. 'ಇನ್ ಕಂಟಿನ್ಯುಯೇಷನ್ ಆಫ್' ಅಥವಾ 'ಫರ್ದರ್ ಟು'. ಇ. 'ಫರ್ದರ್ ಟು ಅವರ್ ಕಾನ್ವರ್ಸೇಷನ್'. 'ಆ್ಯಸ್ ಅಗ್ರೀಡ್' ಖಂಡಿತ ಅಲ್ಲ. ಈ. 'ದಿ ಲಾಸ್ಟ್', ಅಥವಾ ಅದರ ಹೆಸರೇ.

ನಾಲ್ಕೂ ಸರಿ ಬಂದವರು ತಮ್ಮ ಪಕ್ಕದವರಿಗೆ ಹೇಳಿಕೊಡಲಿ. ಬರದವರು ಎರಡನೇ ಭಾಗವನ್ನು ಇನ್ನೊಮ್ಮೆ ಓದಲಿ. ಹಾಗೆಯೇ ನೀವು ಕಳಿಸುವ ಪ್ರತಿಯೊಂದು ಕಾಗದದ ನಕಲು ಇಟ್ಟುಕೊಳ್ಳಿ. ನಕಲು ಇಲ್ಲದವನಿಗೆ ತಾರೀಕು ಗೊತ್ತಿರುವುದಿಲ್ಲ. ತಾರೀಕು ಗೊತ್ತಿಲ್ಲದವನಿಗೆ ಉಲ್ಲೇಖ ಬರೆಯಲು ಬರುವುದಿಲ್ಲ.